ಏಳಕ್ಕೆ ಏಳು

ಒಂಬತ್ತು ಚುನಾವಣೆಗಳಲ್ಲಿ ಒಂದು ದಿನವೂ ಕೈಕೊಡದ ನನ್ನ ಸೀಟಿ ಹತ್ತನೆಯ ಚುನಾವಣೆಯಲ್ಲಿ ಮೂಕವಾಯಿತು. ನಾನು ಯಾವ ಪಕ್ಷದ ಕಡೆ ವಾಲಿದೆ ಎಂದು ಊರವರು ಇವತ್ತಿಗೂ ಕೇಳುತ್ತಾರೆ. ಯಾವ ಕಡೆಗೂ ವಾಲಿರಲಿಲ್ಲ ಎಂದರೆ ನಗುತ್ತಾರೆ. ನಗಲಿ. ನಡೆದದ್ದನ್ನು ನಡೆದ ಹಾಗೆ ಹೇಳದಿದ್ದರೆ ಉಂಡ ಅನ್ನ ನನ್ನ ಮೈಗೆ ಹತ್ತುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ನನ್ನ ಹೆಸರು ಚೆನ್ನಾಜಮ್ಮ. ನಮ್ಮೂರ ಪೊಲೀಸ್ ಠಾಣೆಯಲ್ಲಿ ದಫೇದಾರಳು. ಹದಿನೇಳು ವರ್ಷದಿಂದ ಠಾಣೆಯ ರೈಟರ್ ಕೆಲಸವೂ ನನ್ನದೇ. ದೂರು, ಹೇಳಿಕೆ, ಪಟ್ಟಿ, ಪತ್ರ ಎಲ್ಲ ನನ್ನ ಕೈಬರಹದಲ್ಲೇ ಇರುತ್ತವೆ. ನಮ್ಮೂರಲ್ಲಿ ಚುನಾವಣೆಯ ದಿನಾಂಕ ಗೊತ್ತಾದ ಗಳಿಗೆಯಿಂದ ಮತ ಎಣಿಕೆ ಮುಗಿಯುವ ತನಕ, ಪಕ್ಷ ವಹಿಸಿದ ಪೊಲೀಸಿನವರ ಬಾಯಲ್ಲಿ ಸೀಟಿ ಕೂಗುವುದಿಲ್ಲ. ಕೆನ್ನೆ ಉಬ್ಬಿಸಿ ಕಣ್ಣಲ್ಲಿ ನೀರು ಬರುವ ತನಕ ಊದಿದರೂ ಬರೀ ಗಾಳಿ. ಅದೇ ಸೀಟಿಯನ್ನು ಪಕ್ಕದವನ ಬಾಯಿಗಿಟ್ಟರೆ ಬೀದಿಯ ತುದಿಯಲ್ಲಿ ಮಲಗಿದ ನಾಯಿ ಎದ್ದು ಕೂರುತ್ತದೆ.

ಆದ್ದರಿಂದ ಆ ದಿನಗಳಲ್ಲಿ ಬೆಳಿಗ್ಗೆ ಎಂಟಕ್ಕೆ ಠಾಣೆಯ ಅಂಗಳದಲ್ಲಿ ಸೀಟಿ ಹಾಜರಿ ನಡೆಯುತ್ತದೆ. ಗೇಟು ತೆರೆದಿರುತ್ತದೆ, ಯಾರು ಬೇಕಾದರೂ ಬಂದು ಕೇಳಬಹುದು. ಎರಡೂ ಪಕ್ಷದ ಏಜೆಂಟರು ತಮ್ಮ ತಮ್ಮ ಕುರ್ಚಿ ಹೊತ್ತು ತಂದು, ನೋಟ್‌ಬುಕ್ ಬಿಚ್ಚಿ ಕೂರುತ್ತಾರೆ. ಇಡ್ಲಿ ಗಾಡಿಯ ತಿಮ್ಮಕ್ಕ ಬಸ್ ಸ್ಟ್ಯಾಂಡ್ ಬಿಟ್ಟು ನಮ್ಮ ಗೇಟಿಗೇ ಬರುತ್ತಾಳೆ. ಹೆಸರು ಕೂಗಿದಂತೆ ಒಬ್ಬೊಬ್ಬರೂ ಮುಂದೆ ಬಂದು ಊದಬೇಕು. ಯಾರದ್ದು ಕೂಗಲಿಲ್ಲವೋ ಅವರು ಅವತ್ತೇ ಗುಡ್ಡದ ಮೇಲಿನ ನೀರಿನ ಟ್ಯಾಂಕ್ ಕಾಯಲು ಹೊರಡಬೇಕು. ಅದರಲ್ಲಿ ಅವಮಾನವೇನೂ ಇರಲಿಲ್ಲ. ಒಬ್ಬನ ಭಾವಮೈದುನ ಚುನಾವಣೆಗೆ ನಿಂತಿರುತ್ತಾನೆ, ಇನ್ನೊಬ್ಬನಿಗೆ ಯಾವನದೋ ಭಾಷಣ ಹಿಡಿಸಿಬಿಟ್ಟಿರುತ್ತದೆ. ಮನುಷ್ಯರಲ್ಲವೇ. ಎಣಿಕೆಯ ಮರುದಿನ ಸೀಟಿ ತಾನಾಗೇ ಸರಿಹೋಗುತ್ತದೆ. ನಮ್ಮ ಕೊಟ್ರೇಶಿ ಎಂಬ ಕಾನ್‌ಸ್ಟೇಬಲ್ ಅಂತೂ ದಿನಾಂಕ ಗೊತ್ತಾದ ಬೆಳಿಗ್ಗೆಯೇ ಬಚ್ಚಲಮನೆಯಲ್ಲಿ ಒಂದು ಪಕ್ಷಕ್ಕೆ ಮನಸಾರೆ ಜೈಕಾರ ಹಾಕಿ, ತಲೆದಿಂಬು ಸಮೇತ ಹಾಜರಿಗೆ ಬರುತ್ತಿದ್ದ. ಒಂದೇ ಒಂದು ಕಟ್ಟುನಿಟ್ಟು ಇತ್ತು. ಟ್ಯಾಂಕಿಗೆ ಹೋದವರ ಮಾತಾಗಲಿ ಬರಹವಾಗಲಿ ಎಣಿಕೆ ಮುಗಿಯುವ ತನಕ ಯಾವ ಕಚೇರಿಯಲ್ಲೂ ನಡೆಯುವುದಿಲ್ಲ.

ಮೂರು ನಕ್ಷತ್ರದ ಇನ್‌ಸ್ಪೆಕ್ಟರ್ ಸಾಹೇಬರಿಗೆ ಮಾತ್ರ ಈ ಹಾಜರಿ ಇಲ್ಲ. ಅವರ ಹೆಗಲಿನಿಂದಲೂ ಸೀಟಿಯ ದಾರ ಇಳಿದು ಎಡ ಜೇಬಿನೊಳಗೆ ಹೋಗಿರುತ್ತದೆ, ಆದರೆ ಅದನ್ನು ಹೊರಗೆ ಎಳೆದು ಊದಿದ್ದನ್ನು ನಾನು ಮೂವತ್ತೊಂದು ವರ್ಷದಲ್ಲಿ ನೋಡಿಲ್ಲ. ಯಾಕೆ ಎಂದು ನಾನು ಹೊಸದರಲ್ಲಿ ಕೇಳಿದ್ದೆ. ಅವರು ಊದಿಸುವವರು, ಊದುವವರಲ್ಲ ಎಂದು ಹಿರಿಯ ದಫೇದಾರರು ಗದರಿದ್ದರು. ನಾನೂ ಸುಮ್ಮನಾದೆ. ಈಗ ನೆನೆಸಿಕೊಂಡರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಆ ಸಲ ಎದುರಾಬದುರಾ ನಿಂತದ್ದು ಮೊರದ ಪಕ್ಷ ಮತ್ತು ಒನಕೆ ಪಕ್ಷ. ಮೂರು ತಿಂಗಳ ಹಿಂದಷ್ಟೇ ಬಂದಿದ್ದ ಇನ್‌ಸ್ಪೆಕ್ಟರ್ ಜಯಶೀಲ ಅವರು ಇಸ್ತ್ರಿ ಮುರಿಯದ ಮನುಷ್ಯ. ಮೇಜಿನ ಮೇಲೆ ‘ನಿಷ್ಪಕ್ಷಪಾತ’ ಎಂಬ ಹಲಗೆ ಇಟ್ಟುಕೊಂಡಿದ್ದರು. ಗೋಡೆಗೆ ಒಂದು ಕರಿಹಲಗೆ ಹಾಕಿಸಿ, ನಡುವೆ ಗೀಟು ಎಳೆದು, ಆ ಕಡೆ ಮೊರ ಈ ಕಡೆ ಒನಕೆ ಎಂದು ಬರೆಸಿದರು. ಒನಕೆಯವರ ಒಂದು ಬ್ಯಾನರ್ ಕಿತ್ತರೆ ಮೊರದವರದ್ದೂ ಒಂದು ಕೀಳಬೇಕು, ಅದು ನೆಟ್ಟಗೆ ಅನುಮತಿ ಪಡೆದು ಕಟ್ಟಿದ್ದಾದರೂ ಸರಿ. ಹೆಲ್ಮೆಟ್ ಇಲ್ಲದ ಒಬ್ಬ ಮೊರದವನನ್ನು ಹಿಡಿದರೆ, ಒನಕೆಯವನೊಬ್ಬ ಹೆಲ್ಮೆಟ್ ಇಲ್ಲದೆ ಸಿಕ್ಕುವ ತನಕ ನಮ್ಮ ಹುಡುಗರು ಬಿಸಿಲಲ್ಲಿ ನಿಂತಿರಬೇಕು. ಸಂಜೆ ಎರಡೂ ಕಡೆ ಗೀಟುಗಳು ಸಮ ಬಂದರೆ ಸಾಹೇಬರು ಟೀ ತರಿಸುತ್ತಿದ್ದರು. ಮೊದಮೊದಲು ನಾವು ನಕ್ಕೆವು. ಆಮೇಲೆ ಅಭ್ಯಾಸವಾಯಿತು. ಏಜೆಂಟರ ಕಾಟ ಕಡಿಮೆಯಾಯಿತಲ್ಲ ಎಂದು ನನಗೆ ಒಳಗೊಳಗೇ ಸಮಾಧಾನವೂ ಆಗಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಸಂತೆ ಮೈದಾನದಲ್ಲಿ ಮೊರದವರ ಪ್ರಚಾರದ ಜೀಪಿಗೆ ಬೆಂಕಿ ಬಿತ್ತು. ಹಚ್ಚಿದವರು ಒನಕೆಯ ಏಳು ಜನ. ಕೆಂಚ ಎಂಬ ಒಬ್ಬ ಮುಂದಾಳು ಕ್ಯಾನು ಹಿಡಿದು ಪೆಟ್ರೋಲ್ ಸುರಿದದ್ದನ್ನು ಇಡೀ ಸಂತೆ ನೋಡಿತ್ತು. ಜೀಪಿನ ಡ್ರೈವರ್ ದಾದಾಪೀರ್ ಯಾವ ಪಕ್ಷದವನೂ ಅಲ್ಲ, ನಮ್ಮೂರವನೇ, ಬಾಡಿಗೆಗೆ ಬಂದವನು. ಗಾಡಿ ಉಳಿಸಲು ಹೋಗಿ ಅವನ ಎರಡೂ ಕೈ ಸುಟ್ಟವು. ಆಸ್ಪತ್ರೆಗೆ ಹೋಗಿ ಹೇಳಿಕೆ ಬರೆದುಕೊಂಡವಳು ನಾನೇ. ಹೆಬ್ಬೆಟ್ಟು ಒತ್ತಿಸಲು ಬೆರಳೇ ಕಾಣದ ಹಾಗೆ ಬಟ್ಟೆ ಸುತ್ತಿದ್ದರು. ಕೊನೆಗೆ ಕಾಲಿನ ಹೆಬ್ಬೆರಳಿಗೆ ಶಾಯಿ ಹಚ್ಚಿ ಒತ್ತಿಸಿಕೊಂಡೆ. ಅವನು ಆ ಗುರುತನ್ನೇ ನೋಡುತ್ತಾ, “ಅಕ್ಕಾ, ಓಟಿನ ದಿನ ನಂಗೆ ಶಾಯಿ ಎಲ್ಲಿಗೆ ಹಾಕ್ತಾರೆ?” ಎಂದು ಕೇಳಿದ. ಅಷ್ಟು ನೋವಿನಲ್ಲೂ ಅವನಿಗೆ ಅದರದ್ದೇ ಚಿಂತೆ. “ಎಲ್ಲಿಗಾದ್ರೂ ಹಾಕ್ತಾರೆ ಕಣೋ, ಮೊದ್ಲು ವಾಸಿಯಾಗು” ಎಂದು ಹೇಳಿ ಬಂದೆ.

ಆ ಏಳು ಜನರನ್ನೂ ಗಡಿಪಾರು ಮಾಡಬೇಕೆಂದು ಪಟ್ಟಿ ತಯಾರಾಯಿತು. ಗಡಿಪಾರು ಎಂದರೆ ಎಣಿಕೆ ಮುಗಿಯುವ ತನಕ ಊರೊಳಗೆ ಕಾಲಿಡುವಂತಿಲ್ಲ. ಅವರ ಫೋಟೋ ಠಾಣೆಯ ಬೋರ್ಡಿಗೆ ಏರುತ್ತದೆ, ಹೆಸರು ರೌಡಿ ಪಟ್ಟಿಗೆ ಸೇರುತ್ತದೆ. ಒಮ್ಮೆ ಸೇರಿದರೆ ಅಳಿಸುವುದು ಅಷ್ಟಕ್ಕಷ್ಟೆ. ಪಟ್ಟಿಯಲ್ಲಿ ಮೊರದ ಪಕ್ಷದವರು ಆರು ಜನರಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಪೋಸ್ಟರ್ ಅಂಟಿಸುತ್ತಿದ್ದ ಒನಕೆಯವನ ತಲೆ ಒಡೆದವರು. ಒಟ್ಟು ಹದಿಮೂರು. ಪ್ರತಿಯೊಬ್ಬನ ಮೇಲೂ ಸಾಕ್ಷಿ ಇತ್ತು. ನಾನು ನೆಮ್ಮದಿಯಾಗಿ ಪಟ್ಟಿ ಬರೆದು ಮೇಜಿನ ಮೇಲಿಟ್ಟೆ.

ಸಾಹೇಬರು ಪಟ್ಟಿ ನೋಡಿ ಮುಖ ಸಿಂಡರಿಸಿದರು. “ಏಳು, ಆರು. ಇದೇನು ಚೆನ್ನಾಜಮ್ಮ? ಒನಕೆ ಕ್ಯಾಂಡಿಡೇಟ್ ಈಗಷ್ಟೇ ಫೋನ್ ಮಾಡಿ ಪೊಲೀಸ್ರು ಮೊರದ ಕಡೆ ಅಂತ ಕೂಗಾಡಿದ್ರು. ಏಳಕ್ಕೆ ಏಳು ಆಗ್ಬೇಕು.”

“ಮೊರದೋರು ಆರೇ ಜನ ಸಾರ್ ಹೊಡ್ದಿದ್ದು.”

“ಹುಡುಕಿ. ಹಳೇ ರಿಜಿಸ್ಟರ್ ನೋಡಿ. ಏನಾದ್ರೂ ಒಂದು ಇದ್ದೇ ಇರುತ್ತೆ. ನಾಳೆ ನಿಮ್ಮ ಕೆಲಸಾನೇ ಸುಲಭ ಆಗುತ್ತೆ.”

ನಾನು ಹುಡುಕಿದೆ. ಇಲ್ಲ ಎಂದು ಸುಳ್ಳು ಹೇಳುವುದಿಲ್ಲ. ಮಧ್ಯಾಹ್ನದ ಊಟ ಬಿಟ್ಟು, ದೂಳು ಕೊಡವಿ ಹಳೆಯ ರಿಜಿಸ್ಟರ್ ತಿರುವಿದೆ. ಹನ್ನೊಂದು ವರ್ಷದ ಹಿಂದಿನ ಒಂದು ದೂರು ಸಿಕ್ಕಿತು. ಟೈಲರ್ ಪಾಂಡು ಮೊರದ ಬಾವುಟಗಳನ್ನು ಒನಕೆಯ ಬಾವುಟಕ್ಕಿಂತ ಒಂದು ಗೇಣು ಅಗಲವಾಗಿ ಹೊಲಿದಿದ್ದಾನೆ, ಇದು ಪಕ್ಷಪಾತ ಎಂದು ಯಾರೋ ಬರೆದುಕೊಟ್ಟಿದ್ದರು. ಮೊರದವರು ತಂದುಕೊಟ್ಟ ಬಟ್ಟೆಯ ಪನ್ನವೇ, ಅಂದರೆ ಅಗಲವೇ, ದೊಡ್ಡದು ಎಂದು ಪಾಂಡು ಹೇಳಿದ್ದ, ನಾವು ನಕ್ಕು ಕಡತ ಮುಚ್ಚಿದ್ದೆವು. ಆ ದೂರನ್ನು ಹಿಡಿದುಕೊಂಡು ನಾನು ಏಳನೆಯ ಹೆಸರು ಬರೆದೆ. ‘ಪಾಂಡುರಂಗ, ಟೈಲರ್, ಮೊರದ ಪಕ್ಷದ ಸಕ್ರಿಯ ಬೆಂಬಲಿಗ, ಶಾಂತಿಗೆ ಭಂಗ ತರುವ ಸಂಭವ.’ ನನ್ನ ಅಕ್ಷರ ಮುದ್ದಾಗಿದೆ ಎಂದು ಎಲ್ಲರೂ ಹೊಗಳುತ್ತಾರೆ. ಆ ಸಾಲೂ ಮುದ್ದಾಗಿಯೇ ಬಂತು.

ಪಾಂಡು ಯಾರೆಂದು ನನಗೆ ಗೊತ್ತಿರಲಿಲ್ಲವೇ? ನಾನು ಅವತ್ತು ತೊಟ್ಟಿದ್ದ ಖಾಕಿ ಅವನೇ ಹೊಲಿದದ್ದು. ಠಾಣೆಯ ಹದಿನಾಲ್ಕು ಜನರ ಅಳತೆಯೂ ಅವನ ಪುಸ್ತಕದಲ್ಲಿದೆ. ಅವನ ಮಗಳು ವನಮಾಲಾ ಕಾನ್‌ಸ್ಟೇಬಲ್ ಪರೀಕ್ಷೆ ಬರೆದು ಪಾಸಾಗಿದ್ದಳು. ಅವಳು ಶಾಲೆಯ ಮೈದಾನದಲ್ಲಿ ಓಡುವುದನ್ನು ಕಲಿಯುವಾಗ ಗಡಿಯಾರ ಹಿಡಿದು ನಿಂತವಳು ನಾನು. ಇನ್ನು ಉಳಿದದ್ದು ಮನೆತನದ ನಡತೆ ಪರಿಶೀಲನೆ ಒಂದೇ. ಅಪ್ಪನ ಹೆಸರು ರೌಡಿ ಪಟ್ಟಿಯಲ್ಲಿದ್ದರೆ ಕೆಲಸ ಹೋಯಿತೆಂದೇ ಲೆಕ್ಕ. ಅದೂ ನನಗೆ ಹೊಳೆದಿತ್ತು. ಹನ್ನೆರಡನೇ ತಾರೀಕು ಆ ಪರಿಶೀಲನೆ ಬರೆಯುವವಳು ನಾನೇ ಅಲ್ಲವೇ, ಆಗ ಒಂದು ಸಾಲು ಸೇರಿಸಿ ಸರಿ ಮಾಡಿದರಾಯಿತು ಎಂದುಕೊಂಡೆ. ಒಂದು ಸುಳ್ಳನ್ನು ಇನ್ನೊಂದು ಸಾಲಿನಿಂದ ಮುಚ್ಚುವುದು ರೈಟರುಗಳಿಗೆ ಅಭ್ಯಾಸವಾಗಿಬಿಟ್ಟಿರುತ್ತದೆ.

ಮರುದಿನ ಎಂಟು ಗಂಟೆಗೆ ನನ್ನ ಹೆಸರು ಕೂಗಿದರು. ಮುಂದೆ ಬಂದು ಊದಿದೆ. ಗಾಳಿ ಬಂತು. ಒರೆಸಿ ಮತ್ತೆ ಊದಿದೆ. ಮತ್ತೆ ಗಾಳಿ. ತಿಮ್ಮಕ್ಕ ಇಡ್ಲಿ ತಟ್ಟೆ ಕೈಯಲ್ಲಿ ಹಿಡಿದು ಹಾಗೇ ನಿಂತಳು. ನನ್ನ ಸೀಟಿಯನ್ನು ಪಕ್ಕದ ಕಾನ್‌ಸ್ಟೇಬಲ್ ಊದಿದ, ಕಿವಿ ಗುಂಯ್ ಎಂದಿತು. “ಚೆನ್ನಾಜಮ್ಮ ಮೊರ!” ಎಂದು ಒನಕೆಯ ಏಜೆಂಟ್ ಎದ್ದು ನಿಂತ. “ಅಲ್ಲ, ಒನಕೆ!” ಎಂದು ಮೊರದವನು ಕುರ್ಚಿ ಹಿಂದಕ್ಕೆ ತಳ್ಳಿದ. ಇಬ್ಬರೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ನಾಚಿಕೆಗಿಂತ ಹೆಚ್ಚಾಗಿ ನನಗೆ ಸಿಟ್ಟು ಬಂತು. ಎದೆ ಮುಟ್ಟಿ ಹೇಳುತ್ತೇನೆ, ನನಗೆ ಮೊರವೂ ಬೇಡ ಒನಕೆಯೂ ಬೇಡ, ಎರಡೂ ಪಕ್ಷದವರು ನನ್ನ ಮನೆ ಬಾಗಿಲಿಗೆ ಬಂದರೆ ನೀರು ಕೊಟ್ಟು ಕಳಿಸುವವಳು ನಾನು.

“ಟ್ಯಾಂಕಿಗೆ ಹೊರಡಿ” ಎಂದರು ಸಾಹೇಬರು, ಕರವಸ್ತ್ರದಿಂದ ಕನ್ನಡಕ ಒರೆಸುತ್ತಾ. “ಯಾವ ಕಡೆ ಅಂತ ನಾನು ಕೇಳೋದಿಲ್ಲ.”

ಗುಡ್ಡಕ್ಕೆ ಹೋಗುವ ದಾರಿ ಪಾಂಡುವಿನ ಅಂಗಡಿಯ ಮುಂದೇ ಹಾಯುತ್ತದೆ. ನಮ್ಮ ಇಬ್ಬರು ಹುಡುಗರು ಅಂಗಡಿಯ ಬಾಗಿಲಿಗೆ ನೋಟೀಸು ಅಂಟಿಸುತ್ತಿದ್ದರು. ಮರುದಿನ ಹನ್ನೊಂದು ಗಂಟೆಗೆ, ಗಡಿಪಾರಿನ ಆದೇಶ ಕೊಡುವ ಎ.ಸಿ. ಸಾಹೇಬರ ಕಚೇರಿಯಲ್ಲಿ ವಿಚಾರಣೆ. ಪಾಂಡು ಕೊರಳಲ್ಲಿ ಟೇಪು ಹಾಕಿಕೊಂಡೇ ಓದುತ್ತಿದ್ದ. ನನ್ನನ್ನು ನೋಡಿದವನು, “ಅಕ್ಕಾ, ಇದು ನಿಮ್ಮ ಅಕ್ಷರ ಅಲ್ವಾ?” ಎಂದ.

“ನಲವತ್ತು ದಿನ ಅಷ್ಟೇ ಪಾಂಡು. ಎಣಿಕೆ ಆದ್ಮೇಲೆ ಬಂದ್ಬಿಡ್ತೀಯ.”

“ನಾನು ಏನ್ ಮಾಡಿದ್ನಕ್ಕಾ? ಮೊರಕ್ಕೂ ಹೊಲ್ದೆ, ಒನಕೆಗೂ ಹೊಲ್ದೆ. ನಿಮಗೂ ಹೊಲ್ದಿವ್ನಿ.” ಅವನ ಕಣ್ಣು ನನ್ನ ಹೆಗಲ ಹೊಲಿಗೆಯ ಮೇಲೆ ಹೋಯಿತು. ಅದು ಸರಿಯಾಗಿ ಕೂತಿದೆಯೇ ಎಂದು ಆಗಲೂ ನೋಡುತ್ತಿದ್ದ ಆ ಮನುಷ್ಯ.

ವನಮಾಲಾ ಒಳಗಿನಿಂದ ಬಂದಳು. ಅಳುತ್ತಿರಲಿಲ್ಲ. “ಅಕ್ಕಾ, ಹನ್ನೆರಡನೇ ತಾರೀಕು ವೆರಿಫಿಕೇಷನ್ ಐತೆ. ನೀವೇ ಬರೀತೀರಲ್ವಾ? ಆಗ ನಿಜ ಬರೀರಿ ಸಾಕು.”

ನನ್ನ ಕೈಯಲ್ಲಿದ್ದ ಊಟದ ಡಬ್ಬಿ ಮಣಭಾರವಾಯಿತು. ಟ್ಯಾಂಕಿಗೆ ಹೊರಟವಳ ಬರಹ ಹನ್ನೆರಡಕ್ಕೆ ಎಲ್ಲಿ ನಡೆಯುತ್ತದೆ? ನಾನು ಸರಿ ಮಾಡುತ್ತೇನೆ ಎಂದುಕೊಂಡಿದ್ದ ಆ ಒಂದು ಸಾಲು ಬರೆಯುವ ಹಕ್ಕೇ ಹೋಗಿತ್ತು. ಅವಳಿಂದ ಅದನ್ನು ಮುಚ್ಚಿಟ್ಟು, “ನೋಡಾಣ ಕಣವ್ವಾ” ಎಂದು ಹೇಳಿ ಗುಡ್ಡ ಹತ್ತಿದೆ. ಅವಳು ನನ್ನ ಬೆನ್ನನ್ನೇ ನೋಡುತ್ತಿದ್ದಳೆಂದು ತಿರುಗದೆಯೂ ಗೊತ್ತಾಗುತ್ತಿತ್ತು.

ಟ್ಯಾಂಕಿನ ನೆರಳಲ್ಲಿ ಕೊಟ್ರೇಶಿ ಚಾಪೆ ಹಾಸಿಕೊಂಡು ಕಡಲೆಕಾಯಿ ಬಿಡಿಸುತ್ತಿದ್ದ. “ಬಾ ಅಕ್ಕಾ, ಬಾ! ನೀನೂ ಬಂದ್ಯಾ! ಯಾವ್ ಪಕ್ಷ?” ಎಂದ. ಯಾವುದೂ ಅಲ್ಲ ಎಂದೆ. ಅವನು ನಕ್ಕ. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ. ಪಾಂಡುವಿನ ಸಂಗತಿ ಹೇಳಿದೆ. ಅವನು ಕಡಲೆಕಾಯಿ ಸಿಪ್ಪೆ ಊದಿ, “ನಾನು ಪಕ್ಷ ವಹಿಸಿ ಇಲ್ಲಿಗೆ ಬಂದೆ, ಯಾರ್ಗೂ ಕೆಟ್ಟದ್ ಮಾಡ್ಲಿಲ್ಲ. ನೀನು ಯಾವ್ ಪಕ್ಷಾನೂ ವಹಿಸ್ದೆ ಒಬ್ಬನ ಮನೆ ತೆಗ್ದೆ. ಸೀಟಿಗೆ ಅಷ್ಟೂ ಗೊತ್ತಾಗಕಿಲ್ವಾ ಅಕ್ಕಾ?” ಎಂದ. ಊರಿಗೆಲ್ಲ ಸೋಮಾರಿ ಎನಿಸಿಕೊಂಡವನ ಬಾಯಿಂದ ಇದನ್ನು ಕೇಳಬೇಕಾಯಿತು. ಟ್ಯಾಂಕಿನ ಹಾಜರಿ ಪುಸ್ತಕದಿಂದ ಹಾಳೆ ಹರಿದು, ಏಳನೆಯ ಹೆಸರು ನಾನು ಕಟ್ಟಿ ಬರೆದದ್ದು, ಪಾಂಡುರಂಗನ ಮೇಲೆ ಯಾವ ಆಪಾದನೆಯೂ ಇಲ್ಲ ಎಂದು ಬರೆದು ಸಹಿ ಹಾಕಿದೆ.

ಮರುದಿನ ಹನ್ನೊಂದಕ್ಕೆ ಎ.ಸಿ. ಸಾಹೇಬರ ಕಚೇರಿ ತುಂಬಿತ್ತು. ಹದಿನಾಲ್ಕು ಜನ ಎರಡು ಸಾಲಾಗಿ ನಿಂತಿದ್ದರು, ಈ ಕಡೆ ಏಳು, ಆ ಕಡೆ ಏಳು. ಮೊರದ ಸಾಲಿನಲ್ಲಿ ಆರು ಮಂದಿ ದಾಂಡಿಗರ ಪಕ್ಕ ಪಾಂಡು ಕೊರಳಿನ ಟೇಪು ತೆಗೆಯುವುದನ್ನೂ ಮರೆತು ನಿಂತಿದ್ದ. ಪತ್ರಿಕೆಯವರೂ ಇದ್ದರು. ನಾನು ಡ್ಯೂಟಿ ಬಿಟ್ಟು ಬಂದದ್ದನ್ನು ನೋಡಿ ಜಯಶೀಲ ಸಾಹೇಬರ ಹುಬ್ಬು ಗಂಟಿಕ್ಕಿತು. “ನಿವೃತ್ತಿಗೆ ಎರಡು ವರ್ಷ ಇದೆ ಚೆನ್ನಾಜಮ್ಮ, ನೆನಪಿರಲಿ” ಎಂದು ಕಿವಿಯ ಹತ್ತಿರ ಹೇಳಿದರು. ನೆನಪಿತ್ತು. ಹಾಳೆಯನ್ನು ಎ.ಸಿ. ಸಾಹೇಬರ ಮುಂದಿಟ್ಟೆ.

ಅವರು ಓದಿದರು. “ಅಂದ್ರೆ ಆರೇ ಜನ ಅಂತೀರಾ? ಏಳಕ್ಕೆ ಆರು ಅಂತ ನಾಳೆ ಪೇಪರ್‌ನಲ್ಲಿ ಬಂದ್ರೆ ನಮ್ಮ ನಿಷ್ಪಕ್ಷಪಾತದ ಗತಿ ಏನು?”

“ಆರು ಜನ ಮಾಡಿದ್ರೆ ಆರು ಸಾರ್. ಒಂದು ಕಡೆ ಏಳು ಜನ ಪುಂಡರಿದ್ದು ಇನ್ನೊಂದು ಕಡೆ ಆರೇ ಇದ್ರೆ, ಏಳನೇವನ್ನ ನಾನು ಹೆತ್ತು ಕೊಡ್ಲಾ?”

ಹಿಂದೆ ಯಾರೋ ಕಿಸಕ್ಕೆಂದರು. ಎ.ಸಿ. ಸಾಹೇಬರು ಹಾಳೆಯನ್ನು ಬೆರಳ ತುದಿಯಿಂದ ಪಕ್ಕಕ್ಕೆ ಸರಿಸಿದರು. “ನಿಮ್ಮ ಸೀಟಿ ಮೂಕ ಆಗಿದೆಯಂತೆ. ಟ್ಯಾಂಕಿನವರ ಬರಹ ನಾನು ತಗೊಳೋ ಹಾಗಿಲ್ಲ. ಹಿಂದಿನಿಂದ ಬಂದ ಪದ್ಧತಿ.”

ಅಲ್ಲಿಯ ತನಕ ತಡೆದುಕೊಂಡಿದ್ದ ನನಗೆ ಮೈಯೆಲ್ಲ ಉರಿಯಿತು. ಸುಳ್ಳು ಬರೆದಾಗ ನನ್ನ ಬರಹ ನಡೆಯಿತು, ನಿಜ ಬರೆದಾಗ ನಡೆಯುವುದಿಲ್ಲ. ಇದು ಯಾವ ಸೀಮೆಯ ಪದ್ಧತಿ? “ಹಾಗಾದ್ರೆ ಬರೆಸಿದೋರ್ ಸೀಟಿನೂ ಒಂದ್ಸಲ ಕೇಳಿ ಸಾರ್” ಎಂದು ಜೋರಾಗಿಯೇ ಹೇಳಿದೆ. “ಅವರ ಹೆಗಲ ಮೇಲೂ ದಾರ ಐತಲ್ಲ.”

ಜಯಶೀಲ ಸಾಹೇಬರು ಕೈಯನ್ನು ಎಡ ಜೇಬಿನ ಮೇಲಿಟ್ಟುಕೊಂಡರು. “ಮೂರು ನಕ್ಷತ್ರಕ್ಕೆ ಹಾಜರಿ ಇಲ್ಲ” ಎಂದರು.

ಆಗ ಪಾಂಡು ಬಾಯಿ ಬಿಟ್ಟ. ಅವನು ಹಟಕ್ಕೆ ಹೇಳಿದ್ದಲ್ಲ. ಕೆಲಸದ ವಿಷಯ ಬಂದರೆ ಅವನಿಗೆ ಸುಮ್ಮನಿರಲು ಬರುವುದಿಲ್ಲ, ಅಷ್ಟೇ. “ಅಲ್ಲಿ ಸೀಟಿ ಇಲ್ಲ ಸಾರ್. ಜೇಬೇ ಇಲ್ಲ. ಸೀಟಿ ಇಟ್ರೆ ಎದೆ ಉಬ್ಬಿದಂಗೆ ಕಾಣ್ತದೆ, ಬರೀ ಮುಚ್ಚಳ ಹೊಲ್ದು ದಾರದ ತುದೀನ ಒಳಗೆ ಸೇರಿಸ್ಬಿಡು ಅಂದ್ರು ಸಾಹೇಬ್ರು. ನಾನೇ ಹೊಲ್ದಿದ್ದು.”

ಮೊದಲು ನಕ್ಕವರು ಒನಕೆಯ ಸಾಲಿನವರು, ಆಮೇಲೆ ಮೊರದವರು, ಆಮೇಲೆ ಎ.ಸಿ. ಸಾಹೇಬರ ಗುಮಾಸ್ತ. ಪತ್ರಿಕೆಯವನು ಫೋಟೋ ತೆಗೆಯಲು ಮುಂದೆ ಬಂದ. ಇನ್‌ಸ್ಪೆಕ್ಟರ್ ಸಾಹೇಬರ ಕಿವಿ ಕೆಂಪಾಯಿತು. ಎ.ಸಿ. ಸಾಹೇಬರು ಮೇಜು ಕುಟ್ಟಿ ಗಲಾಟೆ ನಿಲ್ಲಿಸಿ, ಇದು ಪತ್ರಿಕೆಗೆ ಹೋಗದೆ ಇಲ್ಲಿಗೇ ಮುಗಿಯಲಿ ಎಂಬಂತೆ ಪೆನ್ನು ಎತ್ತಿ, ಪಾಂಡುವಿನ ಹೆಸರಿನ ಮೇಲೆ ಗೀಟು ಎಳೆದರು. ಬಾಗಿಲ ಹತ್ತಿರ ನಿಂತಿದ್ದ ವನಮಾಲಾ ಓಡಿ ಬಂದು ಅಪ್ಪನ ಕೈ ಹಿಡಿದಳು. ನಾನು ಕೈಮುಗಿಯಲು ಹೋದೆ.

ಅಷ್ಟರಲ್ಲಿ ಅದೇ ಪೆನ್ನು ಪಕ್ಕದ ಸಾಲಿಗೆ ಹೋಯಿತು. “ಈ ಕಡೆ ಆರು ಆಯ್ತು. ಆ ಕಡೇನೂ ಆರು ಇರಲಿ” ಎನ್ನುತ್ತಾ ಏಳನೆಯ ಹೆಸರಿನ ಮೇಲೂ ಗೀಟು ಎಳೆದರು. ಏಳನೆಯ ಹೆಸರು ಕೆಂಚನದು. ಅಕಾರಾದಿಯಲ್ಲಿ ಬರೆದಿದ್ದರೆ ಮೊದಲಿರುತ್ತಿದ್ದ, ಮುಖ್ಯ ಆರೋಪಿ ಎಂದು ನಾನೇ ಕೊನೆಗೆ ಎದ್ದು ಕಾಣುವ ಹಾಗೆ ಬೇರೆ ಬರೆದಿದ್ದೆ.

“ಸಾರ್, ಕ್ಯಾನು ಹಿಡ್ದೋನು ಅವನು! ಆ ಡ್ರೈವರ್ ಕೈ ಸುಟ್ಟೋನು!” ಎಂದು ಕೂಗಿದೆ.

“ಮುಗೀತು, ಹೊರಡಿ” ಎಂದರು ಎ.ಸಿ. ಸಾಹೇಬರು. ಅವರಿಗೆ ಊಟದ ಹೊತ್ತಾಗಿತ್ತು. ಕೆಂಚ ನನ್ನ ಮುಂದೆಯೇ ಅಂಗಿಯ ತೋಳು ಮಡಚಿಕೊಳ್ಳುತ್ತಾ ಹೊರಗೆ ಹೋದ. ಒಬ್ಬ ನಿರಪರಾಧಿಯನ್ನು ಬಿಡಿಸಿಕೊಂಡದ್ದಕ್ಕೆ ಒಬ್ಬ ಅಪರಾಧಿಯನ್ನು ದಂಡವಾಗಿ ತೆತ್ತಂತಾಯಿತು. ಅದನ್ನು ನ್ಯಾಯ ಎಂದು ಕರೆದು ಮರುದಿನ ಪತ್ರಿಕೆಯಲ್ಲಿ ಬರೆದರು: ‘ಎರಡೂ ಕಡೆ ತಲಾ ಆರು ಮಂದಿ ಗಡಿಪಾರು, ಪೊಲೀಸರ ನಿಷ್ಪಕ್ಷಪಾತ ಕ್ರಮ.’ ಆ ಪತ್ರಿಕೆಯ ಮೇಲೆ ಕೊಟ್ರೇಶಿ ಕಡಲೆಕಾಯಿ ಹರಡಿದ, ನಾನು ಕಿತ್ತುಕೊಂಡು ಚೂರು ಚೂರು ಮಾಡಿದೆ.

ವಿಚಾರಣೆಯ ದಿನ ಸಂಜೆಯೇ ಠಾಣೆಯಲ್ಲಿ ಇನ್ನೊಂದು ಕಾಗದ ತಯಾರಾಯಿತಂತೆ. ಸಂತೆ ಮೈದಾನದಲ್ಲಿ ಕೆಂಚನನ್ನು ಯಾರೂ ಕಂಡಿಲ್ಲ ಎಂದು. ಇದ್ದ ಹನ್ನೆರಡು ಕಾನ್‌ಸ್ಟೇಬಲ್‌ಗಳ ಪೈಕಿ ಹನ್ನೆರಡೂ ಜನ ಸಹಿ ಹಾಕಿದರು. ಮರುದಿನ ಹಾಜರಿಯಲ್ಲಿ ಹನ್ನೆರಡೂ ಸೀಟಿ ಮೂಕ. ಎಲ್ಲರನ್ನೂ ಟ್ಯಾಂಕಿಗೆ ಕಳಿಸಿದರೆ ಠಾಣೆ ಕಾಯುವವರಾರು? ಸಾಹೇಬರು ಅದಕ್ಕೂ ಉಪಾಯ ಮಾಡಿದರು. ಯಾವುದೋ ಊರಿನಿಂದ ಸೀಟಿಯ ಶಬ್ದ ರೆಕಾರ್ಡ್ ಮಾಡಿಸಿ ತರಿಸಿ, ಗೇಟು ಮುಚ್ಚಿಸಿ, ಮೈಕಿನಲ್ಲಿ ಹಾಕಿಸತೊಡಗಿದರು. ಒಂದೊಂದು ಹೆಸರಿಗೂ ಅದೇ ಒಂದು ಸೀಟಿ. ಏಜೆಂಟರಿಗೂ ಸಾಕಾಗಿತ್ತು, ಹೊರಗೆ ಕೂತು ಬರೆದುಕೊಂಡು ಹೋದರು. ತಿಮ್ಮಕ್ಕ ಒಬ್ಬಳೇ, “ಇದೇನ್ರಪ್ಪಾ, ಎಲ್ಲಾರ್ದೂ ಒಂದೇ ಉಸ್ರು!” ಎಂದು ಹೇಳಿ ಗಾಡಿಯನ್ನು ಬಸ್ ಸ್ಟ್ಯಾಂಡಿಗೆ ತಿರುಗಿಸಿಕೊಂಡು ಹೋದಳಂತೆ. ನನಗೆ ಡ್ಯೂಟಿ ಬಿಟ್ಟು ಬಂದದ್ದಕ್ಕೆ ನೋಟೀಸು ಬಂತು. ವನಮಾಲಾಳ ಪರಿಶೀಲನೆ ಹನ್ನೆರಡನೇ ತಾರೀಕು ಸುಸೂತ್ರವಾಗಿ ಮುಗಿಯಿತೆಂದು ಪಾಂಡು ಗುಡ್ಡ ಹತ್ತಿ ಬಂದು ಹೇಳಿ, ನನ್ನ ಸಡಿಲವಾಗಿದ್ದ ಗುಂಡಿಯೊಂದನ್ನು ಹೊಲಿದುಕೊಟ್ಟು ಹೋದ. ನಾನು ಬರೆದ ಸಾಲಿನ ಬಗ್ಗೆ ಅವನು ಒಂದು ಮಾತೂ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿರುತ್ತಿತ್ತು.

ಮತದಾನದ ದಿನ ಟ್ಯಾಂಕಿನವರಿಗೂ ಓಟು ಹಾಕಲು ಎರಡು ಗಂಟೆ ಬಿಡುವು. ಶಾಲೆಯ ಬೂತಿನಲ್ಲಿ ಹೆಂಗಸರ ಸಾಲು ಬೇವಿನ ಮರದ ತನಕ ಇತ್ತು. ನಾನು ಹಿಂದೆ ಸೇರಿಕೊಂಡೆ. ಗೇಟಿನಲ್ಲಿ ಕೆಂಚ ಇನ್ನೂ ಮೂವರ ಜೊತೆ ನಿಂತಿದ್ದ. ಎಲ್ಲರನ್ನೂ ನಗುನಗುತ್ತಾ ಒಳಗೆ ಬಿಡುತ್ತಿದ್ದ. ಅಷ್ಟರಲ್ಲಿ ದಾದಾಪೀರ್ ಬಂದ. ಕೈಯ ಬಟ್ಟೆ ಬಿಚ್ಚಿದ್ದರು, ಬೆರಳುಗಳು ಹೊಸ ಚರ್ಮ ಬಂದು ಗುಲಾಬಿ ಬಣ್ಣಕ್ಕಿದ್ದವು, ಮಡಚಲು ಬರುತ್ತಿರಲಿಲ್ಲ. ಅವನ ಗುರುತಿನ ಚೀಟಿಯನ್ನು ವನಮಾಲಾ ಹಿಡಿದುಕೊಂಡು ಜೊತೆಗೆ ನಡೆಯುತ್ತಿದ್ದಳು.

ಕೆಂಚ ಗೇಟಿಗೆ ಅಡ್ಡ ಕೈ ಇಟ್ಟ. “ಸಾಕ್ಷಿ ಹೇಳೋ ಕೈಗೆ ಓಟಿಲ್ಲ. ಮನೆಗೆ ಹೋಗಲೇ.”

“ಅವರ ಹೆಸ್ರು ಲಿಸ್ಟ್‌ನಲ್ಲಿ ಐತೆ, ಬಿಡಿ” ಎಂದಳು ವನಮಾಲಾ. ಕೆಂಚ ಅವಳ ಕೈಯಿಂದ ಚೀಟಿ ಕಿತ್ತುಕೊಂಡು ಜೇಬಿಗೆ ಹಾಕಿಕೊಂಡ. ಹತ್ತು ಹೆಜ್ಜೆ ದೂರದಲ್ಲಿ ನಮ್ಮ ನಾಲ್ವರು ಕಾನ್‌ಸ್ಟೇಬಲ್‌ಗಳು ನಿಂತಿದ್ದರು. ನಾಲ್ವರೂ ಬೇವಿನ ಮರದ ಎಲೆ ಎಣಿಸುತ್ತಿದ್ದರು. ಒಬ್ಬನ ಕೈ ಸೀಟಿಯ ತನಕ ಹೋಗಿ ಹಾಗೇ ಇಳಿಯಿತು. ಊದಿ ಏನು ಪ್ರಯೋಜನ ಎಂದು ಅವನಿಗೆ ಗೊತ್ತಿತ್ತು.

ನಾನು ಯೋಚಿಸಲಿಲ್ಲ. ಯೋಚಿಸಿದ್ದರೆ ನನ್ನದೂ ಕೂಗುವುದಿಲ್ಲ ಎಂದು ನೆನಪಾಗಿ ಕೈ ಇಳಿಸುತ್ತಿದ್ದೆನೇನೋ. ಸಾಲಿನಿಂದ ಈಚೆ ಬಂದು, ಸೀಟಿ ಬಾಯಿಗಿಟ್ಟು, ಎದೆಯಲ್ಲಿದ್ದ ಸಿಟ್ಟನ್ನೆಲ್ಲ ಒಟ್ಟು ಮಾಡಿ ಊದಿದೆ.

ಕೂಗಿತು.

ಇಡೀ ಸಾಲು ತಿರುಗಿತು. ಇಪ್ಪತ್ತು ದಿನದಿಂದ ಮೈಕಿನ ಸೀಟಿ ಕೇಳಿ ಬೇಸತ್ತ ಜನಕ್ಕೆ ಇದು ಬಾಯಿಂದ ಬಂದದ್ದು ಎಂದು ತಕ್ಷಣ ಗೊತ್ತಾಯಿತು. ಬೂತಿನ ಅಧಿಕಾರಿ ಹೊರಗೆ ಓಡಿ ಬಂದರು. ನಾನು ಊದುತ್ತಲೇ ಗೇಟಿನ ಕಡೆ ನಡೆದೆ. ಹೆಂಗಸರ ಸಾಲೂ ಹಾಗೇ ನನ್ನ ಹಿಂದೆ ಬಂತು, ತಿಮ್ಮಕ್ಕ ಎಲ್ಲರಿಗಿಂತ ಮುಂದೆ. ಕೆಂಚ ಒಂದು ಗಳಿಗೆ ನಿಂತು ನೋಡಿದ, ಚೀಟಿಯನ್ನು ನೆಲಕ್ಕೆ ಎಸೆದು ಗೇಟು ಬಿಟ್ಟ. ಬೇವಿನ ಮರದ ಕೆಳಗಿದ್ದ ನಾಲ್ವರಿಗೆ ಆಗ ಕಾಲು ಬಂತು, ಓಡಿ ಹೋಗಿ ಅವನ ತೋಳು ಹಿಡಿದರು.

ಜಯಶೀಲ ಸಾಹೇಬರ ಜೀಪು ಬಂದು ನಿಂತಿತು. ಅವರು ಇಳಿದು, ಸುತ್ತಲೂ ನೋಡಿ, ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು. “ಒನಕೆಯವರ ಮೇಲೆ ಊದಿಬಿಟ್ರಿ, ಎಲ್ಲರೂ ನೋಡಿದ್ದಾರೆ. ಈಗ ಮೊರದವರ ಕಡೆಗೂ ಒಂದ್ಸಲ ಊದಿಬಿಡಿ ಚೆನ್ನಾಜಮ್ಮ, ಸರಿಹೋಗುತ್ತೆ.”

“ಅವರೂ ತಪ್ಪು ಮಾಡ್ಲಿ ಸಾರ್, ಊದ್ತೀನಿ.”

ಅವರು ಇನ್ನೇನೋ ಹೇಳಲು ಬಾಯಿ ತೆರೆದರು. ನಾನು ಕೇಳಿಸಿಕೊಳ್ಳಲಿಲ್ಲ. ವನಮಾಲಾ ನೆಲದ ಮೇಲಿನ ಚೀಟಿಯ ಮಣ್ಣು ಒರೆಸಿ ದಾದಾಪೀರನನ್ನು ಒಳಗೆ ಕರೆದುಕೊಂಡು ಹೋಗಿದ್ದಳು. ಬಾಗಿಲಲ್ಲಿ ನಿಂತು ನೋಡಿದೆ. ಶಾಯಿ ಹಾಕುವ ಮೇಷ್ಟ್ರು ಅವನ ಎಡಗೈ ಹಿಡಿದುಕೊಂಡು ತಬ್ಬಿಬ್ಬಾಗಿದ್ದರು. ತೋರುಬೆರಳಲ್ಲಿ ಉಗುರೇ ಇರಲಿಲ್ಲ. “ಕಾಲಿಗೆ ಹಾಕ್ಲೇನಪ್ಪಾ?” ಎಂದು ಕೇಳಿದರು. “ಬೆರಳಿಗೇ ಹಾಕಿ ಸಾರ್” ಎಂದ ದಾದಾಪೀರ್. ಮೇಷ್ಟ್ರು ಹೆದರುತ್ತಾ ಹೆದರುತ್ತಾ ಆ ಹಸಿ ಚರ್ಮದ ಮೇಲೆ ಕಡ್ಡಿ ಎಳೆದರು.

ಓಟು ಹಾಕಿ ಹೊರಗೆ ಬಂದವನು ಬೆರಳನ್ನು ನನ್ನ ಮುಖದ ಮುಂದೆ ಎತ್ತಿ ಹಿಡಿದ. ಕಣ್ಣಲ್ಲಿ ನೀರು ತುಂಬಿತ್ತು.

“ಉರೀತೇನೋ?” ಎಂದೆ.

“ಉರೀತೈತೆ ಅಕ್ಕಾ. ಉರೀಲಿ.”